ಕೆಂಚಿಯ ಕಾಲಿಗೆ ಎತ್ತಿದ ಪಟ್ಟಿ

ಕಂಡಕ್ಟರ್ ಹೇಳಿದ್ದು ನಿಯಮದ ಪ್ರಕಾರ ಸರಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ರಕ್ತ ಸೋರುವ ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳಲು ಬರುವುದಿಲ್ಲ ಎಂದು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ನಾನು ಹೊನವಾಡದ ತವರುಮನೆಯಿಂದ ವಿಜಯಪುರಕ್ಕೆ ವಾಪಸಾಗುತ್ತಿದ್ದೆ. ಟಿಕೋಟಾ ಇನ್ನೂ ಸ್ವಲ್ಪ ದೂರವಿರುವಾಗ, ನಮ್ಮ ಮುಂದೆ ಹೋಗುತ್ತಿದ್ದ ದ್ರಾಕ್ಷಿ ಕ್ರೇಟು ತುಂಬಿದ ಪಿಕಪ್ ಗಾಡಿ ಒಂದು ಕೆಂಚು ಹೆಣ್ಣುನಾಯಿಗೆ ಬಡಿದು, ಬ್ರೇಕನ್ನೂ ಮುಟ್ಟದೆ ಹೋಗಿಬಿಟ್ಟಿತು. ಬಸ್ಸು ನಿಂತಿದ್ದು ಕರುಣೆಯಿಂದಲ್ಲ, ನಾಯಿ ರಸ್ತೆಯ ನಡುವೆ ಬಿದ್ದಿತ್ತು ಅಂತ. ನಾನು ಇಳಿದು ದುಪಟ್ಟಾದಲ್ಲಿ ಅದನ್ನು ಸುತ್ತಿಕೊಂಡು ಬರುವಷ್ಟರಲ್ಲಿ ಒಳಗಿನವರು ಹೊತ್ತಾಯಿತೆಂದು ಗೊಣಗತೊಡಗಿದ್ದರು. ಕಿಟಕಿಯಿಂದ ಯಾರೋ ನನ್ನ ಚೀಲವನ್ನು ಕೆಳಗೆ ಕೊಟ್ಟರು, ಬಸ್ಸು ಹೊರಟಿತು.

ಒಬ್ಬ ಟಂಟಂ ಆಟೋದವನು ಎರಡು ಪಟ್ಟು ಬಾಡಿಗೆ ಕೇಳಿದ. ಕೊಟ್ಟೆ. ಟಿಕೋಟಾದಲ್ಲಿ ಸಿಕ್ಕ ಪಶುವೈದ್ಯರೊಬ್ಬರು, ಪುಣ್ಯಾತ್ಮರು, ನೋವಿಗೆ ಇಂಜೆಕ್ಷನ್ ಹಾಕಿ, ಮುಂಗಾಲಿಗೆ ದಬ್ಬೆ ಕಟ್ಟಿ, ಇದು ಇಲ್ಲಿ ಆಗುವ ಕೆಲಸವಲ್ಲ, ವಿಜಯಪುರಕ್ಕೆ ಒಯ್ಯಿರಿ ಎಂದರು. ಅಲ್ಲಿಂದ ವಿಜಯಪುರದ ಖಾಸಗಿ ನಾಯಿ ಡಾಕ್ಟರರ ಕ್ಲಿನಿಕ್ಕಿಗೆ ಬಂದೆ. ಅವರಿಗೆ ನಾನು ಹಳೆಯ ಗಿರಾಕಿ. ಗೋಳಗುಮ್ಮಟದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಮತ್ತು ನಾನು, ಇಬ್ಬರೇ ಸೇರಿ, ಪೆಟ್ಟಾದ ಬೀದಿನಾಯಿಗಳಿಗೆ ಔಷಧ ಮಾಡಿಸುತ್ತೇವೆ. ಸಂಸ್ಥೆಯೂ ಇಲ್ಲ, ಬೋರ್ಡೂ ಇಲ್ಲ. ಹೊಟ್ಟೆಪಾಡಿಗೆ ನಾನು ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಮನುಷ್ಯರದ್ದು.

ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಯಂತ್ರ ಇರಲಿಲ್ಲ. ನಮ್ಮ ಸೆಂಟರಿನ ಮಾಲೀಕರ ಕೈಕಾಲು ಹಿಡಿದೆ. ಪೇಷಂಟುಗಳು ಇಲ್ಲದ ಹೊತ್ತಿನಲ್ಲಿ, ಹಿಂಬಾಗಿಲಿನಿಂದ, ಆಮೇಲೆ ಟೇಬಲ್ಲನ್ನು ನೀನೇ ತೊಳೆಯಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಸೀಸದ ಏಪ್ರನ್ ಹಾಕಿಕೊಂಡು ಡಾಕ್ಟರು ನಾಯಿಯ ತಲೆ ಹಿಡಿದರು. ಎದುರಿನಿಂದ ಒಂದು, ಮಗ್ಗುಲಿನಿಂದ ಒಂದು ಫಿಲ್ಮು ತೆಗೆದೆ. ಮುಂಗಾಲಿನ ಎರಡೂ ಎಲುಬು ನಡುವೆ ತುಂಡಾಗಿ, ತುದಿಗಳು ಒಂದರ ಮೇಲೊಂದು ಏರಿದ್ದವು. ಚೂರುಚೂರಾಗಿರಲಿಲ್ಲ. ಇಂಥ ಮುರಿತ ಕೂಡುತ್ತದೆ ಎಂದು ದಿನವೂ ಫಿಲ್ಮು ನೋಡುವ ನನಗೂ ಅನಿಸಿತು. ಡಾಕ್ಟರು ಅದನ್ನೇ ಹೇಳಿದರು. ಪ್ಲೇಟು, ಸ್ಕ್ರೂ ಹಾಕಿದರೆ ಕಾಲು ಉಳಿಯುತ್ತದೆ, ಬರೀ ದಬ್ಬೆಯಲ್ಲಿ ಬಿಟ್ಟರೆ ಉಳಿಯುವುದಿಲ್ಲ. ಒಳಮೈ ಕಡೆ ಚರ್ಮ ಒಂದಿಷ್ಟು ಹರಿದಿದೆ, ಅಲ್ಲಿ ಕೀವು ಸೇರುವ ಮೊದಲು ಆಪರೇಷನ್ ಆಗಬೇಕು.

ಪ್ಲೇಟು ಹಾಕುವ ಶಸ್ತ್ರವೈದ್ಯರು ಸೊಲ್ಲಾಪುರದಿಂದ ಭಾನುವಾರ ಮಾತ್ರ ಬರುತ್ತಾರೆ. ಎಲುಬಿನ ಅಳತೆ ನೋಡಿ ಪ್ಲೇಟನ್ನು ಮೊದಲೇ ತರಿಸಬೇಕು, ತರಿಸಬೇಕೆಂದರೆ ಕಂಪನಿಯವನಿಗೆ ರೊಕ್ಕ ಮುಂಗಡ ಹೋಗಬೇಕು. ಎಲ್ಲಾ ಸೇರಿ ಮೂವತ್ತು ಸಾವಿರದ ಆಸುಪಾಸು. ನನ್ನ ಪಗಾರದ ಮೇಲೆ ಮಗಳ ಕಾಲೇಜಿನ ಫೀಗೆಂದು ಆಗಲೇ ಅಡ್ವಾನ್ಸ್ ತೆಗೆದಾಗಿತ್ತು. ಡಾಕ್ಟರು ನಮ್ಮಂಥವರಿಗೆ ಉದ್ರಿ ಮಾಡಿ ಮಾಡಿ ಸೋತವರು. ನನ್ನ ಫೀ ಆಮೇಲೆ ಕೊಡಿ, ಪ್ಲೇಟಿನದು ಮಾತ್ರ ನನ್ನ ಕೈಯಲ್ಲಿ ಆಗದು ಎಂದರು. ನಾಯಿಗೆ ಕೆಂಚಿ ಎಂದು ಹೆಸರು ಬರೆದು, ಕ್ಲಿನಿಕ್ಕಿನ ಹಿಂದಿನ ಖೋಲಿಯಲ್ಲಿ ಮಲಗಿಸಿ ಬಂದೆ.

ಗೆಳೆಯ ಸಹಾಯ ಕೇಳಿ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಂಚಿಯ ಫೋಟೋ, ಎಕ್ಸ್‌ರೇ, ಡಾಕ್ಟರರ ಚೀಟಿ, ಎಲ್ಲಾ ಇತ್ತು. ಬಂದದ್ದು ಏನು? ಕೈಮುಗಿದ ಚಿತ್ರ, ಅಳುವ ಮುಖ, ಒಡೆದ ಹೃದಯ. ಒಬ್ಬರು ಇದು ಯಾವ ಜಾತಿಯ ನಾಯಿ ಎಂದು ಕೇಳಿದರು. ಬೀದಿನಾಯಿ ಎಂದದ್ದಕ್ಕೆ, ಅಷ್ಟು ರೊಕ್ಕದಲ್ಲಿ ಹೊಸ ಲ್ಯಾಬ್ರಡಾರೇ ಬರುತ್ತದಲ್ಲ ಎಂದು ಬುದ್ಧಿ ಹೇಳಿದರು. ಇನ್ನೊಬ್ಬ, ನಮ್ಮ ಜಲನಗರದವನೇ, ದಿನಾ ಬೆಳಿಗ್ಗೆ ನನ್ನ ಮನೆಯ ಮುಂದೆ ವಾಕಿಂಗ್ ಹೋಗುವವನು, ಇಂಥ ಫೋಟೋ ಹಾಕಿ ರೊಕ್ಕ ಹೊಡೆಯುವವರು ಬಹಳ ಆಗಿದ್ದಾರೆ ಎಂದು ಗ್ರೂಪಿನಲ್ಲಿ ಬರೆದ. ಆ ಮನುಷ್ಯನ ಮುಖ ನೋಡಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಒಟ್ಟು ಕೂಡಿದ್ದು ಕೆಂಚಿಯ ಮೂರು ದಿನದ ಔಷಧಕ್ಕೆ ಸಾಕಾಯಿತು.

ಆಗ ನಾನೇ ಹೇಳಿದ್ದು, ಊರಿಗೆ ಹೋಗಿ ಪಟ್ಟಿ ಎತ್ತೋಣ ಅಂತ. ಗೆಳೆಯ ಪಟ್ಟಣದಲ್ಲಿ ಬೆಳೆದವನು, ಅವನಿಗೆ ಇದರ ರೀತಿ ಗೊತ್ತಿಲ್ಲ. ನಮ್ಮ ಕಡೆ ಗಣಪತಿಗೆ, ಜಾತ್ರೆಗೆ, ಗುಡಿಯ ಕಳಸಕ್ಕೆ ಜನರಿಂದ ರೊಕ್ಕ ಕೂಡಿಸುವುದಕ್ಕೆ ಪಟ್ಟಿ ಎನ್ನುತ್ತೇವೆ. ಅದಕ್ಕೆ ಒಂದು ಕ್ರಮ ಇದೆ. ಮೊದಲು ಊರಿನ ದೊಡ್ಡ ಮನುಷ್ಯರ ಹತ್ತಿರ ಹೋಗಬೇಕು, ಅವರು ಒಂದು ಮೊತ್ತ ಬರೆಸುತ್ತಾರೆ. ಉಳಿದವರು ಅದನ್ನು ನೋಡಿ, ಅದಕ್ಕಿಂತ ಕೆಳಗೆ, ತಮ್ಮ ತಮ್ಮ ಯೋಗ್ಯತೆಯಂತೆ ಬರೆಸುತ್ತಾರೆ. ದೊಡ್ಡವರ ಹೆಸರು ಮೇಲೆ ಇಲ್ಲದಿದ್ದರೆ ಯಾರೂ ಪೆನ್ನು ಮುಟ್ಟುವುದಿಲ್ಲ. ದ್ರಾಕ್ಷಿ ಕಡಿದು, ಒಣದ್ರಾಕ್ಷಿ ಮಾರಿ ಜನರ ಕೈಯಲ್ಲಿ ರೊಕ್ಕ ಓಡಾಡುತ್ತಿದ್ದ ಕಾಲ. ನಾನು ಹೊನವಾಡದ ಮಗಳು, ಟಿಕೋಟಾದ ಅರ್ಧ ಅಂಗಡಿಯವರಿಗೆ ನಮ್ಮಪ್ಪ ಗೊತ್ತು. ಹೀಗಾಗಿ ಧೈರ್ಯ ಇತ್ತು.

ಟಿಕೋಟಾದ ಒಣದ್ರಾಕ್ಷಿ ಸಾಹುಕಾರರ ಮನೆಗೆ ಹೋದೆವು. ಅವರು ಅದೇ ಆಗ ಒಂದು ಸಹಕಾರಿ ಸೊಸೈಟಿಯ ಅಧ್ಯಕ್ಷರಾಗಿದ್ದರು. ಚಹಾ ಕುಡಿಸಿದರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ ನಾಲಗೆ ಲೊಚಗುಟ್ಟಿದರು. ಮೂಕ ಪ್ರಾಣಿ ಎಂದರೆ ತಮಗೆ ಜೀವ ಎಂದರು. ಐದು ಸಾವಿರದ ಒಂದು ರೂಪಾಯಿ ಬರೆಸಿದರು. ಅಷ್ಟೇ ಬೇಕಾಗಿದ್ದು. ಅಲ್ಲಿಂದ ಪೇಟೆಗೆ ಇಳಿದರೆ ಪೆನ್ನು ನಿಲ್ಲಲಿಲ್ಲ. ಗೊಬ್ಬರದ ಅಂಗಡಿ, ಕಿರಾಣಿ, ಬಟ್ಟೆ ಅಂಗಡಿ, ತೋಟದ ಮಾಲೀಕರು, ಎಲ್ಲರೂ ಮೊದಲ ಹೆಸರು ನೋಡುವುದು, ತಲೆ ಆಡಿಸುವುದು, ಬರೆಸುವುದು. ಮರುದಿನ ಬಬಲೇಶ್ವರಕ್ಕೆ ಹೋದೆವು, ಅಲ್ಲಿಯೂ ಸಾಹುಕಾರರ ಬೀಗರು, ಬಳಗದವರು ಬರೆಸಿದರು. ಬೇಕಾದದ್ದಕ್ಕಿಂತ ಹೆಚ್ಚೇ ಕೂಡಿತು. ವಾಪಸು ಬರುವಾಗ ಗೆಳೆಯ ಬೈಕ್ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿದ. ನಾನು ಅಲ್ಲಿಂದಲೇ ಡಾಕ್ಟರರಿಗೆ ಫೋನು ಮಾಡಿ, ಈ ಭಾನುವಾರವೇ ಆಗಲಿ, ಪ್ಲೇಟಿಗೆ ಹೇಳಿಬಿಡಿ ಎಂದೆ.

ನಾನು ಅದೇ ನೆಲದಲ್ಲಿ ಹುಟ್ಟಿ ಬೆಳೆದವಳು. ಆದರೂ ಒಂದು ಮಾತು ತಲೆಗೆ ಹೊಳೆಯಲಿಲ್ಲ. ನಮ್ಮಲ್ಲಿ ಬರೆಸುವುದೇ ಕೊಟ್ಟಂತೆ. ಮರ್ಯಾದೆ ಇರುವುದು ಬರೆಸುವುದರಲ್ಲಿ, ರೊಕ್ಕ ಆಮೇಲೆ ಬರುತ್ತದೆ. ಅದೂ ಕ್ರಮದಲ್ಲೇ ಬರುತ್ತದೆ, ಮೊದಲು ಬರೆಸಿದವರು ಮೊದಲು ಕೊಡಬೇಕು. ಗುಡಿಗೆ ಬರೆಸಿದ್ದನ್ನು ಮುಂದಿನ ಸುಗ್ಗಿಗೆ ಕೊಟ್ಟರೂ ನಡೆಯುತ್ತದೆ, ದೇವರು ಎಲ್ಲಿಗೂ ಹೋಗುವುದಿಲ್ಲ. ನಾಯಿಯ ಕಾಲಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ರೊಕ್ಕ ತರಲು ಹೋದೆ. ಕಿರಾಣಿ ಅಂಗಡಿಯವರು ನಗುನಗುತ್ತಲೇ ಕೂರಿಸಿದರು. ಆಮೇಲೆ ಕೇಳಿದರು, "ಸಾವಕಾರ್ರು ಕೊಟ್ಟಾರೇನ್ರಿ ಅಕ್ಕಾರ?" ಇನ್ನೂ ಇಲ್ಲ ಎಂದೆ. "ಹಂಗಾರ ಅವರದು ಆಗ್ಲಿ. ಅವರಕಿಂತ ಮುಂದ ನಾವು ಕೊಟ್ರ ಚಲೋ ಕಾಣೂದಿಲ್ಲ." ಗೊಬ್ಬರದ ಅಂಗಡಿಯಲ್ಲಿ ಅದೇ ಮಾತು. ಬಟ್ಟೆ ಅಂಗಡಿಯಲ್ಲಿ ಅದೇ ಮಾತು. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಕೊಡಲೂ ಇಲ್ಲ. ಸಾಹುಕಾರರ ಮನೆಯಲ್ಲಿ ಅವರ ಪಿಎ ಸಿಕ್ಕ. ಬಿಳಿ ಶರ್ಟು, ಎರಡು ಮೊಬೈಲು. ಬುಧವಾರ ಬಬಲೇಶ್ವರದಲ್ಲಿ ಸಾಹುಕಾರರಿಗೆ ಸತ್ಕಾರ ಸಮಾರಂಭ ಇದೆ, ಅಲ್ಲೇ ಸ್ಟೇಜಿನ ಮೇಲೆ ಎಲ್ಲರ ಮುಂದೆ ಕೊಡುತ್ತಾರೆ, ನೀವೂ ಬರಬೇಕು, ನಾಯಿಯನ್ನೂ ತರಬೇಕು ಎಂದ. ಆಪರೇಷನ್ನಿಗೆ ರೊಕ್ಕ ಭಾನುವಾರದ ಮೊದಲೇ ಬೇಕು ಎಂದು ಎಷ್ಟು ಹೇಳಿದರೂ, ಮೂರೇ ದಿನ ಹೆಚ್ಚಾಗುತ್ತದೆ, ಏನಾಗುತ್ತದೆ ಎಂದು ಮೊಬೈಲು ನೋಡತೊಡಗಿದ.

ಭಾನುವಾರ ಬಂತು, ಸೊಲ್ಲಾಪುರದ ಶಸ್ತ್ರವೈದ್ಯರೂ ಬಂದರು. ಬೇರೆ ಮೂರು ನಾಯಿಗಳನ್ನು ನೋಡಿ ಹೋದರು. ಕೆಂಚಿಯ ಪ್ಲೇಟು ಬಂದಿರಲಿಲ್ಲ, ಯಾಕೆಂದರೆ ಕಂಪನಿಯವನು ನಮ್ಮ ಪಟ್ಟಿಯನ್ನು ನಂಬುವ ಪೈಕಿ ಅಲ್ಲ. ಅವತ್ತು ನಾನು ಖೋಲಿಯಲ್ಲಿ ಕೂತು ದಬ್ಬೆ ಬಿಚ್ಚಿ ಗಾಯ ತೊಳೆದೆ. ದಿನಾ ಅದೇ ಕೆಲಸ. ಉಪ್ಪುನೀರಿನ ಬಾಟಲಿಯಿಂದ ತೊಳೆಯುವುದು, ಔಷಧ ಹಚ್ಚಿದ ಜಾಳಿಬಟ್ಟೆ ಇಡುವುದು, ಹತ್ತಿ ಸುತ್ತಿ ಮತ್ತೆ ದಬ್ಬೆ ಕಟ್ಟುವುದು, ಬೆರಳು ಬೆಚ್ಚಗಿದ್ದಾವೋ ಎಂದು ಮುಟ್ಟಿ ನೋಡುವುದು. ಕೆಂಚಿ ನೋವಿಗೆ ನನ್ನ ಮಣಿಕಟ್ಟನ್ನು ಬಾಯಲ್ಲಿ ಹಿಡಿಯುತ್ತಿತ್ತು, ಹಲ್ಲು ಊರುತ್ತಿರಲಿಲ್ಲ. ಅವತ್ತು ಜಾಳಿಬಟ್ಟೆಯ ಮೇಲೆ ಹಳದಿ ಕಲೆ ಕಂಡಿತು.

ಬುಧವಾರದ ಸಮಾರಂಭ ಶನಿವಾರಕ್ಕೆ ಹೋಯಿತು. ಯಾರೋ ದೊಡ್ಡ ಅತಿಥಿಗೆ ಬಿಡುವು ಸಿಗಲಿಲ್ಲವಂತೆ. ಬೇರೆ ದಾರಿ ನೋಡಲಿಲ್ಲ ಅಂತಲ್ಲ. ಗೆಳೆಯ ತನ್ನ ಅಂಗಡಿಗೆ ಮಾಲು ತರಲು ಇಟ್ಟಿದ್ದ ರೊಕ್ಕದಲ್ಲಿ ಒಂದು ಪಾಲು ತಂದ, ನಾನು ಕೈಬಳೆ ಒತ್ತೆ ಇಡಲು ಹೋದರೆ ಅದು ಮೊದಲೇ ಮಗಳ ಫೀಗೆ ಹೋಗಿದ್ದು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು. ಇರುವುದನ್ನೆಲ್ಲಾ ಒಟ್ಟುಗೂಡಿಸಿದರೂ ಪ್ಲೇಟಿಗೆ ಸಾಲಲಿಲ್ಲ. ಕಡೆಗೆ ಕಂಪನಿಯವನು ಶನಿವಾರ ಮಧ್ಯಾಹ್ನದೊಳಗೆ ರೊಕ್ಕ ಹಾಕಿದರೆ ಭಾನುವಾರ ಬೆಳಿಗ್ಗೆಗೆ ಪ್ಲೇಟು ಮುಟ್ಟಿಸುತ್ತೇನೆ ಎಂದ. ಸಮಾರಂಭ ಶನಿವಾರ ಬೆಳಿಗ್ಗೆ. ಅದೊಂದು ಎಳೆ ಹಿಡಿದುಕೊಂಡು ಕೂತೆವು.

ಶುಕ್ರವಾರ ಪಿಎ ಫೋನು ಮಾಡಿದ. ನಾಯಿಯನ್ನು ಎಷ್ಟು ಹೊತ್ತಿಗೆ ತರುತ್ತೀರಿ ಎಂದು ಕೇಳಿದ. ಡಾಕ್ಟರು ಅಲುಗಾಡಿಸಬೇಡಿ ಎಂದಿದ್ದಾರೆ, ಬಿಸಿಲು, ಪಟಾಕಿ, ಸ್ಪೀಕರು, ತರಲು ಆಗುವುದಿಲ್ಲ ಎಂದೆ. ಅವನು ಬಹಳ ಸಮಾಧಾನದಿಂದ ಹೇಳಿದ, "ಹಂಗಾರ ಬ್ಯಾರೆ ನಾಯಿ ತರ್ರಿ ಮೇಡಂ. ಕಾಲಿಗೆ ಬಿಳಿ ಪಟ್ಟಿ ಸುತ್ತಿದ್ರ ಯಾರಿಗೆ ಗೊತ್ತಾಕೈತಿ? ಫೋಟೋಕ್ಕ ಒಂದು ನಾಯಿ ಇದ್ರ ಆತು."

ಫೋನು ಗೋಡೆಗೆ ಬಡಿಯಬೇಕು ಅನಿಸಿತು. ಬಡಿದರೆ ಹೊಸದು ತರಲು ರೊಕ್ಕ ಇಲ್ಲ. ನಾಯಿ ಇಲ್ಲದೆ ನಾನೊಬ್ಬಳೇ ಬರುತ್ತೇನೆ ಎಂದು ಇಟ್ಟುಬಿಟ್ಟೆ.

ಶನಿವಾರ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹಿಡಿದು ಹೋದೆ. ಪೆಂಡಾಲು ಭರ್ಜರಿಯಾಗಿತ್ತು. ಒಂಬತ್ತಕ್ಕೆ ಎಂದದ್ದು ಹನ್ನೊಂದಾದರೂ ಶುರುವಾಗಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸಿದವರು ಬಹಳ ಮಂದಿ ಮುಂದಿನ ಸಾಲುಗಳಲ್ಲೇ ಇದ್ದರು, ನನ್ನನ್ನು ನೋಡಿ ನಮಸ್ಕಾರ ಮಾಡಿದರು. ಆಗ ಡಾಕ್ಟರರ ಫೋನು ಬಂತು. ನಾನು ಪೆಂಡಾಲಿನ ಹಿಂದೆ, ಅಡಿಗೆಯವರು ಬದನೆಕಾಯಿ ಹೆಚ್ಚುತ್ತಿದ್ದ ಕಡೆ ಹೋಗಿ ನಿಂತೆ. ಕೆಂಚಿಗೆ ಬೆಳಿಗ್ಗೆಯಿಂದ ಜ್ವರ ಏರಿದೆ, ದಬ್ಬೆ ಬಿಚ್ಚಿದರೆ ವಾಸನೆ ಬರುತ್ತಿದೆ, ಬೆರಳುಗಳು ತಣ್ಣಗಾಗಿವೆ ಎಂದರು. ಇಂಥ ಕೀವಿನಲ್ಲಿ ನಾಳೆ ಪ್ಲೇಟು ಬಂದರೂ ಕೂರುವುದಿಲ್ಲ. ಭಾನುವಾರದವರೆಗೆ ಕಾದು ನೋಡುತ್ತೇನೆ ಎಂದರೆ ನಂಜು ರಕ್ತಕ್ಕೆ ಏರಬಹುದು, ಆಗ ನಾಯಿಯೇ ಉಳಿಯುವುದಿಲ್ಲ. ಈಗಲೇ ಭುಜದ ಹತ್ತಿರ ಕಾಲು ತೆಗೆದರೆ ಬದುಕುತ್ತದೆ, ಅದನ್ನು ನಾನೇ ಮಾಡಬಲ್ಲೆ, ಸೊಲ್ಲಾಪುರದವರು ಬೇಡ, ಪ್ಲೇಟೂ ಬೇಡ.

"ನೀವು ಹ್ಞೂಂ ಅಂದ್ರ ಈಗ ಶುರು ಮಾಡ್ತೇನ್ರಿ," ಎಂದರು. "ಕಾಲಿನ ಆಸೆ ಬಿಡಬೇಕು."

ಮೈಕಿನಲ್ಲಿ ಯಾರೋ ಹಲೋ ಹಲೋ ಎಂದು ಪರೀಕ್ಷೆ ಮಾಡುತ್ತಿದ್ದರು. ನಾನು ಎಕ್ಸ್‌ರೇಯನ್ನು ನೆನೆಸಿಕೊಂಡೆ. ಎರಡು ಎಲುಬು, ಚೊಕ್ಕ ಮುರಿತ. ಕೂಡುವ ಮುರಿತ. ನನ್ನ ಜೀವಮಾನದಲ್ಲಿ ಸಾವಿರಾರು ಮುರಿತ ನೋಡಿದ್ದೇನೆ, ಇದಕ್ಕಿಂತ ಕೆಟ್ಟದ್ದು ಕೂಡಿಕೊಂಡು ಮನುಷ್ಯರು ಹೊಲ ಉಳುತ್ತಿದ್ದಾರೆ. ಈ ಕಾಲು ಪಿಕಪ್ ಗಾಡಿಯಿಂದ ಹೋಗಲಿಲ್ಲ. ಯಾರು ಮೊದಲು ಕೊಡಬೇಕು ಎಂಬ ಸರದಿಯಲ್ಲಿ ಹೋಯಿತು.

"ತಗೀರಿ ಡಾಕ್ಟರ," ಎಂದೆ.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆಯಬಹುದಿತ್ತು. ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಹೋಗಿ ಕೂತೆ. ಭಾಷಣಗಳಾದವು, ಪಟಾಕಿ ಹಾರಿದವು, ಸಾಹುಕಾರರಿಗೆ ಗಂಧದ ಹಾರ ಬಿತ್ತು. ಆಮೇಲೆ ನಿರೂಪಕ ನನ್ನನ್ನು ಮೇಲೆ ಕರೆದ. ಮೂಕ ಪ್ರಾಣಿಗಳ ತಾಯಿ ಎಂದ. ಸಾಹುಕಾರರು ಗಾಯಗೊಂಡ ಶ್ವಾನಕ್ಕೆ ಐದು ಸಾವಿರದ ಒಂದು ರೂಪಾಯಿ ದೇಣಿಗೆ ನೀಡಿದ್ದಾರೆ, ಚಪ್ಪಾಳೆ ಎಂದ. ಜನ ತಟ್ಟಿದರು. ಸಾಹುಕಾರರು ಶಾಲು ಬಿಡಿಸಿ ನನ್ನ ಹೆಗಲಿಗೆ ಹಾಕಲು ಬಂದರು, ಫೋಟೋದವನು ಬಗ್ಗಿದ. ರೊಕ್ಕ ಎಲ್ಲಿಯೂ ಕಾಣಲಿಲ್ಲ. ನಾನು ಶಾಲು ಹಾಕಿಸಿಕೊಳ್ಳದೆ ಮೈಕಿನ ಹತ್ತಿರ ಹೋದೆ.

"ರೊಕ್ಕ ಮುಟ್ಟಿಲ್ರಿ," ಎಂದೆ. "ಸಾವಕಾರ್ರದೂ ಮುಟ್ಟಿಲ್ಲ, ಇಲ್ಲಿ ಮುಂದ ಕುಂತಾರಲ್ಲ, ಅವರದೂ ಮುಟ್ಟಿಲ್ಲ. ಎಲ್ಲಾರೂ ಬರಿಸ್ಯಾರ. ನೀವು ಚಪ್ಪಾಳಿ ಹೊಡಿಯೂ ಹೊತ್ತಿನ್ಯಾಗ ವಿಜಾಪುರದಾಗ ಆ ನಾಯಿ ಕಾಲು ಕಡಿಯಾಕತ್ತಾರ."

ಸಾಹುಕಾರರು ಪಳಗಿದ ಮನುಷ್ಯ, ಮುಖದ ಮೇಲಿನ ನಗೆ ಅಳಿಯಲಿಲ್ಲ. ಅಕ್ಕಾರು ಸಿಟ್ಟಿನಲ್ಲಿದ್ದಾರೆ, ಅವರ ಸಿಟ್ಟು ನ್ಯಾಯದ್ದೇ ಎಂದು ಮೈಕಿನಲ್ಲೇ ಹೇಳಿ, ಪಿಎಗೆ ಕಣ್ಣು ಮಾಡಿದರು. ಅವನು ಎಲ್ಲಿಂದಲೋ ನೋಟು ತಂದ. ಸಾಹುಕಾರರು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನನ್ನ ಕೈಗೆ ಕೊಟ್ಟರು. ಆಗ ಏನಾಯಿತು ಗೊತ್ತೇ? ಕಿರಾಣಿ ಅಂಗಡಿಯವರು ಎದ್ದರು. ಗೊಬ್ಬರದವರು ಎದ್ದರು. ಬಟ್ಟೆ ಅಂಗಡಿಯವರು ಜುಬ್ಬಾದ ಜೇಬಿಗೆ ಕೈ ಹಾಕಿದರು. ಸ್ಟೇಜಿನ ಕೆಳಗೆ ಒಬ್ಬರ ಹಿಂದೊಬ್ಬರು ಪಾಳಿ ಹಚ್ಚಿದರು. ಇಷ್ಟು ದಿನ ಬಾಗಿಲು ಬಾಗಿಲು ತಿರುಗಿದರೂ ಹೊರಬೀಳದ ರೊಕ್ಕ, ಒಬ್ಬ ಮನುಷ್ಯ ಕೊಟ್ಟ ಕೂಡಲೇ ಊಟಕ್ಕೆ ಎಲೆ ಹಾಸುವುದರೊಳಗೆ ನನ್ನ ಚೀಲ ತುಂಬಿತು. ಎಲ್ಲರ ಜೇಬಿನಲ್ಲೂ ಇತ್ತು. ಮೊದಲಿನಿಂದಲೂ ಇತ್ತು. ಒಬ್ಬರಂತೂ ಕೊಡುವಾಗ, ನೋಡಿ ನಾವು ಮಾತು ತಪ್ಪುವವರಲ್ಲ ಎಂದರು. ಅವರ ನೋಟನ್ನೂ ಚೀಲಕ್ಕೆ ತುರುಕಿದೆ.

ಊಟ ಮಾಡಿ ಹೋಗಿ ಎಂದು ಬಹಳ ಒತ್ತಾಯ ಮಾಡಿದರು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ ಬೇರೆ ದಾರಿ ಇರಲಿಲ್ಲ. ಕ್ಲಿನಿಕ್ಕಿಗೆ ಬಂದಾಗ ಕೆಂಚಿ ಇನ್ನೂ ಮಂಪರಿನಲ್ಲಿತ್ತು. ಭುಜದಿಂದ ಎದೆಯವರೆಗೆ ದಪ್ಪ ಬ್ಯಾಂಡೇಜು. ಟೇಬಲ್ಲಿನ ಕೆಳಗೆ ಒಂದು ಸ್ಟೀಲ್ ಟ್ರೇ ಬಟ್ಟೆ ಮುಚ್ಚಿಕೊಂಡು ಇತ್ತು, ನಾನು ಅದನ್ನು ತೆರೆದು ನೋಡಲಿಲ್ಲ. ಡಾಕ್ಟರು ಕೈ ತೊಳೆಯುತ್ತ, ಉಸಿರಾಟ ಚೆನ್ನಾಗಿದೆ, ಬದುಕುತ್ತದೆ ಎಂದರು. ನಾನು ಚೀಲವನ್ನು ಅವರ ಮುಂದೆ ಇಟ್ಟೆ.

ಪಟ್ಟಿ ಕೊಟ್ಟವರಿಗೆ ಪಾವತಿ, ಅಂದರೆ ರಸೀದಿ, ಹರಿದು ಕೊಡಬೇಕು, ಅದೂ ರೂಢಿ. ಗೆಳೆಯ ಉತ್ಸಾಹದಲ್ಲಿ ಮೊದಲೇ ಪುಸ್ತಕ ಮಾಡಿಸಿಟ್ಟಿದ್ದ. ಅವನ ಅಂಗಡಿಯಲ್ಲಿ ಕೂತು ಒಂದೊಂದರಲ್ಲೂ ಹೆಸರು ಬರೆದೆ, ಮೊತ್ತ ಬರೆದೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಕಾಲು ತೆಗೆದ ಮೇಲೆ ಮುಟ್ಟಿತು' ಎಂದು ಬರೆದು ಸಹಿ ಮಾಡಿದೆ. ಗೆಳೆಯ ಓದಿ ಗಾಬರಿಯಾದ. ಹೀಗೆ ಬರೆದರೆ ಮುಂದಿನ ನಾಯಿಗೆ ಯಾರೂ ಕೊಡುವುದಿಲ್ಲ ಎಂದ. ಈ ನಾಯಿಗೆ ಯಾರು ಕೊಟ್ಟರು ಎಂದು ಕೇಳಿದೆ. ಡಾಕ್ಟರರ ಬಾಕಿ ತೀರಿಸಿ ಉಳಿದದ್ದನ್ನು ಬ್ಯಾಂಕಿಗೆ ಹಾಕಿದೆವು, ಮುಂದಿನ ನಾಯಿಗೆ ಯಾರ ಮನೆಯ ಚಹಾ ಕುಡಿಯದೆ ಪ್ಲೇಟು ತರಿಸಬಹುದು ಅಂತ.

ಪಾವತಿಗಳು ಹೋದವು. ಕೆಂಚಿಯನ್ನು ಜಲನಗರದ ನಮ್ಮ ಮನೆಗೆ ತಂದಿದ್ದೆ. ಒಂದು ಸಂಜೆ ಪಿಎ ಸ್ಕೂಟರಿನ ಮೇಲೆ ಬಂದ. ಅದೇ ಬಿಳಿ ಶರ್ಟು. ಜೇಬಿನಿಂದ ಪಾವತಿ ತೆಗೆದು, ಇದನ್ನು ಬದಲಿ ಮಾಡಿಕೊಡಬೇಕು ಎಂದ. ಯಾಕೆ ಎಂದು ಕೇಳಿದೆ. ಮೊದಲು ತಡವರಿಸಿದ, ಆಮೇಲೆ ಬಾಯಿ ಬಿಟ್ಟ. ಆ ಐದು ಸಾವಿರದ ಒಂದು ಸಾಹುಕಾರರ ಕೈಯಿಂದ ಹೋದದ್ದಲ್ಲ, ಸೊಸೈಟಿಯ ಲೆಕ್ಕದಲ್ಲಿ ಹಾಕಿದ್ದಾರೆ, ನಾಯಿಯ ಕಾಲಿನ ಆಪರೇಷನ್ನಿಗೆ ಸಹಾಯ ಎಂದು ಬರೆದಿದ್ದಾರೆ, ಆಡಿಟ್ಟಿನವರಿಗೆ ಈ ಸಾಲು ತೋರಿಸಲು ಬರುವುದಿಲ್ಲ. ಅವರ ಶಾಲು, ಅವರ ಫೋಟೋ, ಅವರ ಹೆಸರು. ರೊಕ್ಕ ಮಾತ್ರ ಬೇರೆಯವರದ್ದು. ನನಗೆ ನಗು ಬಂತು, ಅದು ನಗು ಆಗಿರಲಿಲ್ಲ.

"ಬರೇ ರೊಕ್ಕ ಮುಟ್ಟೇತಿ ಅಂತ ಬರದ ಕೊಡ್ರಿ ಮೇಡಂ," ಎಂದ. "ನಾಯಿ ಅಂತೂ ಉಳದೈತಲ್ಲ. ಒಂದು ಸಾಲಿಂದ ಏನಾಕೈತಿ?"

ಮಾತು ಕೇಳಿ ಕೆಂಚಿ ಒಳಗಿನಿಂದ ಕುಪ್ಪಳಿಸುತ್ತ ಬಂತು. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಬಂದವರಿಗೆಲ್ಲ ಬಾಲ ಅಲ್ಲಾಡಿಸುತ್ತದೆ, ಅವನಿಗೂ ಅಲ್ಲಾಡಿಸಿತು. ಆ ಹೊತ್ತಿನಲ್ಲಿ ನನಗೆ ಅದರ ಮೇಲೂ ಸಿಟ್ಟು ಬಂತು.

"ಬ್ಯಾರೆ ಪಾವತಿ ಕೊಡತೀನಿ," ಎಂದೆ. "ಆ ಕಾಲು ತಂದ ಕೊಡ್ರಿ."

ಅವನು ಆಗ ಮೊದಲ ಸಲ ಕೆಳಗೆ ನೋಡಿದ. ಕೆಂಚಿ ಅವನ ಚಪ್ಪಲಿ ಮೂಸುತ್ತ ನಿಂತಿತ್ತು. ಕಾಲಿರಬೇಕಾದ ಜಾಗದಲ್ಲಿ ಹೊಲಿಗೆಯ ಗಾಯ ಇನ್ನೂ ಪೂರ್ತಿ ಒಣಗಿರಲಿಲ್ಲ.